ಶ್ವಾಸಕೋಶದೊಳಗೆ ನೀರು ತುಂಬಿಸಬಹುದಾ? ಮಂತ್ರಗಳ ವಿಚಿತ್ರ ಬಳಕೆಗೆ ಡಿಎಂ ತೀರ್ಪು ಹೇಳುವ ಬಗೆ

ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದಲ್ಲಿ ಟೇಬಲ್ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕತೆ ಆಡುತ್ತೇವೆ. ಕತೆ ನಡೆಸಿ ತೀರ್ಪು ಹೇಳುವವನು ಡಿಎಂ, ಅಂದರೆ ಡಂಜನ್ ಮಾಸ್ಟರ್. ಅವತ್ತಿನ ಕತೆಯಲ್ಲಿ ಸೇತುವೆಗೆ ಅಡ್ಡಲಾಗಿ ಓಗರ್ ಎಂಬ ದೈತ್ಯ ನಿಂತಿದ್ದ. 59 ಹಿಟ್ ಪಾಯಿಂಟ್ (ಅಷ್ಟೂ ಕಳೆದರೆ ಸಾಯುವ ಲೆಕ್ಕ), ಕೈಯಲ್ಲಿ ಮರದ ದಿಮ್ಮಿಯಂಥ ಗದೆ. ಎದುರಿಗೆ ಮೂರನೇ ಲೆವೆಲ್‌ನ ನಾಲ್ಕು ಪಾತ್ರಗಳು. ಆಯುಧ ಹಿಡಿದು ಕಾದಾಡುವ ಫೈಟರ್‌ಗೆ ಆಗಲೇ ಎರಡು ಏಟು ಬಿದ್ದು, ಇನ್ನೊಂದು ಬಿದ್ದರೆ ನೆಲಕ್ಕುರುಳುವ ಸ್ಥಿತಿ. ದೇವರ ಬಲದಿಂದ ಮಂತ್ರ ಹಾಕುವ ಕ್ಲೆರಿಕ್ ಆಡುತ್ತಿದ್ದ ಗೆಳತಿ ತನ್ನ ಪಾತ್ರದ ವಿವರವಿರುವ ಶೀಟ್ ಮೇಲೆ ಬೆರಳಾಡಿಸುತ್ತಾ ಇದ್ದವಳು ಒಮ್ಮೆಲೇ ತಲೆ ಎತ್ತಿದಳು.

"ಡಿಎಂ, ನನ್ನ ಹತ್ರ ಕ್ರಿಯೇಟ್ ವಾಟರ್ ಇದೆ. ನೀರನ್ನ ಅವನ ಶ್ವಾಸಕೋಶದೊಳಗೇ ಬರಿಸ್ತೀನಿ. ಆಗುತ್ತಾ?"

ಎಲ್ಲರೂ ನನ್ನ ಮುಖ ನೋಡಿದರು. ಡಿಎಂ ಕುರ್ಚಿಯಲ್ಲಿ ನಾನು ಆಗ ಹೊಸಬ. ಯೋಚನೆ ಚೆನ್ನಾಗಿದೆ ಅನ್ನಿಸಿತು, "ಆಗುತ್ತೆ" ಅಂದೆ. ಓಗರ್ ಅಲ್ಲೇ ಸತ್ತ. ಎಲ್ಲರೂ ಚಪ್ಪಾಳೆ ಹೊಡೆದರು. ಮುಂದಿನ ವಾರ ಅದೇ ಮಂತ್ರ ದರೋಡೆಕೋರರ ನಾಯಕನ ಮೇಲೆ ಬಂತು. ಅದರ ಮುಂದಿನ ವಾರ ಒಂದು ಮಿನೊಟಾರ್ ಮೇಲೆ. ಅವತ್ತು ಫೈಟರ್ ಆಡುವ ಗೆಳೆಯ ಡೈಸ್ ಕೈಗೇ ತಗೊಳ್ಳಲಿಲ್ಲ. "ನನ್ನ ಟರ್ನ್ ಬರೋಷ್ಟರಲ್ಲಿ ಮುಗಿದಿರುತ್ತೆ ಬಿಡು" ಅಂದ. ಆ ಮಾತು ನನಗೆ ನಾಟಿತು.

ಅವಳು ಕೇಳಿದ್ದು ತಪ್ಪಲ್ಲ. ಅಂಥ ಪ್ರಶ್ನೆ ಕೇಳೋಕೇ ನಾವು ಕಂಪ್ಯೂಟರ್ ಗೇಮ್ ಬಿಟ್ಟು ಟೇಬಲ್ ಸುತ್ತ ಬಂದು ಕೂರುತ್ತೇವೆ. ಕಂಪ್ಯೂಟರ್‌ಗೆ ಹೀಗೆಲ್ಲ ಕೇಳಿದರೆ ಉತ್ತರ ಬರಲ್ಲ, ಇಲ್ಲಿ ಬರುತ್ತೆ. ನಾನು ಮಾಡಿದ ತಪ್ಪು ಏನಂದ್ರೆ, ಬೆಲೆ ನೋಡದೆ ಸಾಮಾನು ಕೊಟ್ಟುಬಿಟ್ಟೆ. ಆಮೇಲೆ ಎಷ್ಟೋ ವರ್ಷ ಟೇಬಲ್ ನಡೆಸಿ ಒಂದು ಕ್ರಮಕ್ಕೆ ಬಂದಿದ್ದೇನೆ. ಅದನ್ನೇ ಇಲ್ಲಿ ಹೇಳುತ್ತೇನೆ. ನಾನು ಆಡಿಸುವುದು ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ ಐದನೇ ಆವೃತ್ತಿ, 2014ರ ನಿಯಮಗಳು. 2024ರಲ್ಲಿ ಇವು ಪರಿಷ್ಕರಣೆಯಾಗಿವೆ. ಈ ಲೇಖನಕ್ಕೆ ಬೇಕಾಗುವ ಒಂದು ಬದಲಾವಣೆಯನ್ನು ಅದರ ಜಾಗದಲ್ಲೇ ಹೇಳುತ್ತೇನೆ.

ಮೊದಲು ಕೇಳಿ: ಏನಾಗಬೇಕು?

ಆಟಗಾರರು ನಮ್ಮ ಮುಂದೆ ಇಡುವುದು ಉಪಾಯ. ಅದರ ಹಿಂದೆ ಒಂದು ಬಯಕೆ ಇರುತ್ತೆ. ಉಪಾಯಕ್ಕೆ ತೀರ್ಪು ಹೇಳುವ ಮುಂಚೆ ಬಯಕೆ ಏನು ಅಂತ ಕೇಳಿ. "ಸರಿ, ಇದ್ರಿಂದ ಏನಾಗಬೇಕು ನಿನಗೆ?" ಅಷ್ಟೇ ಸಾಕು.

ಓಗರ್ ದಿನ ನಾನು ಇದನ್ನು ಕೇಳಲೇ ಇಲ್ಲ. ತುಂಬಾ ದಿನ ಆದ ಮೇಲೆ ಅವಳೇ ಹೇಳಿದಳು: "ನನಗೆ ಅವನು ಸಾಯಬೇಕು ಅಂತೇನಿರಲಿಲ್ಲ. ಫೈಟರ್‌ನ ಎಳ್ಕೊಂಡು ಈಚೆ ಬರೋಕೆ ಒಂದು ರೌಂಡ್ ಬೇಕಿತ್ತು." ಅದು ಗೊತ್ತಿದ್ದರೆ ಅವಳ ಶೀಟ್ ಮೇಲೇ ಉತ್ತರ ಇತ್ತು. ಅವಳು ಅವತ್ತು ಕಮಾಂಡ್ ಮಂತ್ರವನ್ನೂ ತಯಾರು ಮಾಡಿಕೊಂಡಿದ್ದಳು. ಅದೂ ಮೊದಲ ಲೆವೆಲ್‌ನ ಮಂತ್ರ (ಮಂತ್ರದ ಲೆವೆಲ್ ಬೇರೆ, ಪಾತ್ರದ ಲೆವೆಲ್ ಬೇರೆ). ಒಂದೇ ಪದದ ಆಜ್ಞೆ ಕೊಡಬೇಕು. ಕೇಳಿದವನು ವಿಸ್ಡಮ್ ಸೇವ್ (ಮಂತ್ರದಿಂದ ತಪ್ಪಿಸಿಕೊಳ್ಳೋಕೆ 20 ಮುಖದ ಡೈಸ್ ಉರುಳಿಸುವುದು) ಸೋತರೆ ತನ್ನ ಮುಂದಿನ ಟರ್ನ್‌ನಲ್ಲಿ ಹೇಳಿದಂತೆ ಮಾಡಬೇಕು. "ಓಡು" ಅಂದರೆ ಓಡಬೇಕು. ಈ ಮಂತ್ರ ಹಿಡಿಯಬೇಕಾದರೆ ಭಾಷೆ ಅರ್ಥವಾಗಬೇಕು. ಓಗರ್‌ಗಳಿಗೆ ಕಾಮನ್ ಭಾಷೆ ಬರುತ್ತೆ. ಅವಳ ಮಂತ್ರದಿಂದ ತಪ್ಪಿಸಿಕೊಳ್ಳೋಕೆ ಮುಟ್ಟಬೇಕಾದ ಸೇವ್ ಸಂಖ್ಯೆ 13. ಓಗರ್‌ನ ವಿಸ್ಡಮ್ ಕಡಿಮೆ, ಡೈಸ್‌ನಲ್ಲಿ ಬಿದ್ದದ್ದರಿಂದ ಎರಡು ಕಳೆಯಬೇಕು, ಅಂದರೆ ಅವನು ತಪ್ಪಿಸಿಕೊಳ್ಳೋಕೆ ಡೈಸ್‌ನಲ್ಲಿ 15 ಅಥವಾ ಹೆಚ್ಚು ಬೀಳಬೇಕು. ನೂರಕ್ಕೆ ಎಪ್ಪತ್ತು ಸಲ ಅವನು ಸೋಲುತ್ತಾನೆ.

ಅದಕ್ಕೇ ನನ್ನ ಟೇಬಲ್‌ನಲ್ಲಿ "ಇಲ್ಲ" ಅನ್ನುವ ಪದ ಒಂಟಿಯಾಗಿ ಬರಲ್ಲ. "ಇದು ಹೀಗೆ ಆಗಲ್ಲ, ಆದ್ರೆ ನಿನಗೆ ಬೇಕಿರೋದಕ್ಕೆ ಇನ್ನೊಂದು ದಾರಿ ಇದೆ" ಅಂತ ಶೀಟ್ ಮೇಲೆ ಬೆರಳಿಟ್ಟು ತೋರಿಸುತ್ತೇನೆ. ಕೇಳಿದವರ ಮುಖ ಬಾಡುವುದಿಲ್ಲ.

ಕಮಾಂಡ್ ವಿಷಯ ಬಂದಿದ್ದರಿಂದ ಇನ್ನೊಂದು ಮಾತು. ಕನ್ನಡದಂಥ ಭಾಷೆಯಲ್ಲಿ ಆಡುವ ಟೇಬಲ್‌ಗಳಿಗೆ ಬರುವ ಸಮಸ್ಯೆ ಇದು. ಒಂದೇ ಪದ ಅಂತ ನಿಯಮ ಹೇಳುತ್ತೆ. ನಮ್ಮ ಭಾಷೆಯಲ್ಲಿ ಪದಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒಬ್ಬ ಗೆಳೆಯ "ಕತ್ತಿಬಿಟ್ಟೋಡಿಹೋಗು" ಅಂದ, ಉಸಿರು ಬಿಡದೆ. "ಸಂಧಿ ಆಗಿದೆಯಲ್ಲ, ಒಂದೇ ಪದ" ಅಂತ ವಾದ ಮಾಡಿದ. ವಾದ ಚೆನ್ನಾಗಿತ್ತು. ಆದರೆ ಕತ್ತಿ ಬಿಡುವುದು ಒಂದು ಕೆಲಸ, ಓಡುವುದು ಇನ್ನೊಂದು. ಒಂದೇ ಕೆಲಸ ಹೇಳುವ ಪದ ಆಗಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆವು. "ಓಡಿಹೋಗು" ನಡೆಯುತ್ತೆ, "ಬಂದ್ಬಿಡು" ನಡೆಯುತ್ತೆ, "ಬಿಟ್ಟೋಡು" ನಡೆಯಲ್ಲ.

ಮಂತ್ರದ ಸಾಲುಗಳನ್ನು ಗಟ್ಟಿಯಾಗಿ ಓದಿ

ನೆನಪಿನ ಮೇಲೆ ತೀರ್ಪು ಕೊಡಬೇಡಿ. ಪುಸ್ತಕ ತೆಗೆದು, ಮಂತ್ರ ಹಾಕುವವರ ಕೈಯಲ್ಲೇ ಓದಿಸಿ. ಅರ್ಧಕ್ಕರ್ಧ ಜಗಳ ಅಲ್ಲೇ ಮುಗಿಯುತ್ತೆ. ಕಣ್ಣಿಟ್ಟು ನೋಡಬೇಕಾದ್ದು ಒಂದು ವಿಷಯ: ಮಂತ್ರ ಯಾವುದರ ಮೇಲೆ ಬೀಳುತ್ತೆ? ಜೀವಿಯ ಮೇಲಾ, ವಸ್ತುವಿನ ಮೇಲಾ, ಒಂದು ಜಾಗದ ಮೇಲಾ? ಕನ್ನಡದಲ್ಲಿ ಮಾತಾಡುವಾಗ "ಅದರ ಮೇಲೆ ಹಾಕ್ತೀನಿ" ಅಂದುಬಿಡುತ್ತೇವೆ, ಈ ವ್ಯತ್ಯಾಸ ಮರೆಯಾಗುತ್ತೆ. ಆದ್ದರಿಂದ ಪುಸ್ತಕದಲ್ಲಿರುವ ವಾಕ್ಯವನ್ನೇ ಒಮ್ಮೆ ಓದಿ, ಆಮೇಲೆ ಕನ್ನಡಕ್ಕೆ ತನ್ನಿ.

ಗೆಳತಿಯ ಕ್ರಿಯೇಟ್ ವಾಟರ್‌ನ ಪೂರ್ತಿ ಹೆಸರು ಕ್ರಿಯೇಟ್ ಆರ್ ಡಿಸ್ಟ್ರಾಯ್ ವಾಟರ್. ಅದನ್ನು ಓದಿ ನೋಡಿ. 30 ಅಡಿಯೊಳಗೆ, ತೆರೆದ ಪಾತ್ರೆಯಲ್ಲಿ, 10 ಗ್ಯಾಲನ್‌ವರೆಗೆ ನೀರು. ಇಲ್ಲವೇ 30 ಅಡಿ ಘನದಷ್ಟು ಜಾಗದಲ್ಲಿ ಮಳೆ. ಅಲ್ಲಿ ತೆರೆದಿರುವ ಬೆಂಕಿಯೆಲ್ಲ ಆರುತ್ತೆ. ಉಸಿರಾಡುತ್ತಿರುವ ಓಗರ್‌ನ ಎದೆಗೂಡು ತೆರೆದ ಪಾತ್ರೆ ಅಲ್ಲ. ಅಲ್ಲಿಗೆ ಮುಗಿಯಿತು. ಈ ಪ್ರಶ್ನೆ ಹೊಸದೂ ಅಲ್ಲ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟ ಹೊರತಂದದ್ದು 1974ರಲ್ಲಿ. 2003ರ 3.5 ಆವೃತ್ತಿಯಲ್ಲಿ ಇದೇ ನೀರಿನ ಮಂತ್ರದ ಕೆಳಗೆ, ಜೀವಿಯ ಒಳಗೆ ಏನನ್ನೂ ಸೃಷ್ಟಿಸಲಾಗದು ಅಂತ ಬಿಡಿಸಿ ಬರೆಯಬೇಕಾಗಿತ್ತು. ನನ್ನ ಗೆಳತಿಗೂ ಮುಂಚೆ ಎಷ್ಟೋ ಜನ ಇದನ್ನೇ ಕೇಳಿರಬೇಕು.

ವಸ್ತುವನ್ನು ದೀಪದಂತೆ ಬೆಳಗಿಸುವ ಲೈಟ್ ಮಂತ್ರವನ್ನು ಶತ್ರುವಿನ ಕಣ್ಣಿನ ಮೇಲೆ ಹಾಕಬಹುದಾ ಅಂತ ಕೇಳುತ್ತಾರೆ. ಅದು ವಸ್ತುವಿನ ಮೇಲೆ ಬೀಳುವ ಮಂತ್ರ. ಕಣ್ಣು ಜೀವಿಯ ಭಾಗ. ಆದರೆ ಅವನ ಹೆಲ್ಮೆಟ್ ವಸ್ತು ತಾನೇ? ಅದನ್ನು ಮುಟ್ಟಿ ಹಾಕಬಹುದು, ಅವನಿಗೆ ಡೆಕ್ಸ್ಟೆರಿಟಿ ಸೇವ್ ಕೊಡಬೇಕು. ಫೈರ್ ಬೋಲ್ಟ್‌ನಿಂದ ಎದುರಾಳಿ ತೊಟ್ಟ ಬಟ್ಟೆಗೆ ಬೆಂಕಿ ಹಚ್ಚಬಹುದಾ? ಮೈಮೇಲೆ ಇರುವ, ಕೈಯಲ್ಲಿ ಹಿಡಿದಿರುವ ವಸ್ತುಗಳು ಹೊತ್ತಿಕೊಳ್ಳಲ್ಲ ಅಂತ ಸ್ಪಷ್ಟವಾಗಿ ಬರೆದಿದೆ. ಹೀಟ್ ಮೆಟಲ್‌ನಿಂದ ರಕ್ತದಲ್ಲಿರುವ ಕಬ್ಬಿಣ ಕಾಯಿಸಬಹುದಾ? ಮನುಷ್ಯರು ಮಾಡಿದ ಲೋಹದ ಸಾಮಾನು ಬೇಕು ಅನ್ನುತ್ತೆ ಮಂತ್ರ.

ಇಲ್ಲಿ ಒಂದು ಗೆರೆ ಎಳೆದುಕೊಂಡರೆ ತುಂಬಾ ಉಪಯೋಗ. ಮಂತ್ರ ಬರೆದಷ್ಟೇ ಮಾಡುತ್ತೆ. ಆದರೆ ಮಂತ್ರದಿಂದ ಹುಟ್ಟಿದ ವಸ್ತು ನಿಜವಾದ ವಸ್ತು. ನೀರು ಒದ್ದೆ ಮಾಡುತ್ತೆ, ಹಳ್ಳದ ಕಡೆ ಹರಿಯುತ್ತೆ, ಮಣ್ಣನ್ನು ಕೆಸರು ಮಾಡುತ್ತೆ. ಮೇಜ್ ಹ್ಯಾಂಡ್ ಎಂಬ ಮಾಂತ್ರಿಕ ಕೈ 10 ಪೌಂಡ್, ಅಂದರೆ ನಾಲ್ಕೂವರೆ ಕೆ.ಜಿ. ಎತ್ತಬಲ್ಲದು, ದಾಳಿ ಮಾಡಲಾರದು. ಅದು ಎಣ್ಣೆಯ ಶೀಶೆಯನ್ನು ಶತ್ರುವಿನ ತಲೆಗೆ ಎಸೆಯಲು ಹೊರಟರೆ ನಾನು ಬಿಡಲ್ಲ. ಆದರೆ ಅವನ ಮುಂದಿನ ನೆಲಕ್ಕೆ ಸುರಿದರೆ? ಸುರಿಯಬಹುದು ಅಂತ ಮಂತ್ರದಲ್ಲೇ ಇದೆ. ನೆಲದ ಮೇಲಿನ ಎಣ್ಣೆಗೆ ಬೇರೆಯದೇ ನಿಯಮ ಇದೆ: 5 ಅಡಿ ಚೌಕ, ಹಚ್ಚಿದರೆ ಎರಡು ರೌಂಡ್ ಉರಿಯುತ್ತೆ, ಕಾಲಿಟ್ಟವರಿಗೆ 5 ಡ್ಯಾಮೇಜ್. ಇಲ್ಲಿ ನಾನು ಏನನ್ನೂ ಹೊಸದಾಗಿ ಹುಟ್ಟಿಸಬೇಕಿಲ್ಲ.

ಮಂತ್ರ ಏನೂ ಹೇಳದೆ ಬಿಟ್ಟ ಕಡೆ ಏನು ಮಾಡುವುದು? ನೆಲಕ್ಕೆ ಜಿಡ್ಡು ಹರಡುವ ಗ್ರೀಸ್ ಮಂತ್ರ ಹಾಕಿ ಬೆಂಕಿ ಹಚ್ಚುವ ಆಸೆ ಎಲ್ಲ ಟೇಬಲ್‌ನಲ್ಲೂ ಬರುತ್ತೆ. 2014ರ ಪುಸ್ತಕದಲ್ಲಿ ಅದು ಹೊತ್ತಿಕೊಳ್ಳುತ್ತೋ ಇಲ್ಲವೋ ಅಂತ ಬರೆದಿಲ್ಲ. ಆದರೆ ಎರಡನೇ ಲೆವೆಲ್‌ನ ವೆಬ್ ಮಂತ್ರದಲ್ಲಿ ಬರೆದಿದೆ: ಬಲೆಗೆ ಬೆಂಕಿ ತಾಗಿದ ಪ್ರತಿ 5 ಅಡಿ ಘನ ಒಂದು ರೌಂಡ್‌ನಲ್ಲಿ ಉರಿದುಹೋಗುತ್ತೆ, ಆ ಬೆಂಕಿಯಲ್ಲಿ ಟರ್ನ್ ಶುರು ಮಾಡಿದವರಿಗೆ 2ಡಿ4 ಡ್ಯಾಮೇಜ್ (ನಾಲ್ಕು ಮುಖದ ಎರಡು ಡೈಸ್‌ನ ಮೊತ್ತದಷ್ಟು ಹಿಟ್ ಪಾಯಿಂಟ್ ಕಳೆಯುವುದು). ಉರಿಯಬೇಕು ಅಂದುಕೊಂಡ ಕಡೆ ಬರೆದವರು ಬರೆದೇ ಇದ್ದಾರೆ. ಹಾಗಾಗಿ ಗ್ರೀಸ್ ಉರಿಯಲ್ಲ ಅಂತ ನಾನು ಹೇಳುತ್ತಿದ್ದೆ. 2024ರ ಪುಸ್ತಕ ಬಂದಾಗ ಗ್ರೀಸ್‌ಗೆ ಬೆಂಕಿ ಹತ್ತುವುದಿಲ್ಲ ಅನ್ನುವ ಪದವೇ ಸೇರಿತ್ತು.

ಬೆಲೆ ಕಟ್ಟಿ

ನನ್ನ ಮಟ್ಟಿಗೆ ತೀರ್ಪಿನ ಹೃದಯ ಇದೇ. ಆಟಗಾರರು ಕೊಡುವ ವಿವರಣೆ ಎಷ್ಟು ಚೆನ್ನಾಗಿದ್ದರೂ, ಕೊನೆಗೆ ಸಿಗುವ ಫಲ ಆ ಮಂತ್ರದ ಲೆವೆಲ್‌ಗೆ ತಕ್ಕಂತಿರಬೇಕು. ದೃಶ್ಯ ಅವರದು, ಫಲದ ಅಳತೆ ಡಿಎಂ ಕೈಯಲ್ಲಿ.

ಡ್ಯಾಮೇಜ್‌ಗೆ ಅಳತೆಗೋಲು ಸಿದ್ಧವಾಗಿದೆ. ಹೊಸ ಮಂತ್ರ ಕಟ್ಟುವ ಡಿಎಂಗಳಿಗೆ ಅಂತ ಒಂದು ಕೋಷ್ಟಕ ಇದೆ. ಒಬ್ಬನ ಮೇಲೆ ಬೀಳುವ ಮಂತ್ರವಾದರೆ ಕ್ಯಾಂಟ್ರಿಪ್‌ಗೆ (ಎಷ್ಟು ಸಲ ಬೇಕಾದರೂ ಹಾಕಬಹುದಾದ ಪುಟ್ಟ ಮಂತ್ರ) 1ಡಿ10, ಮೊದಲ ಲೆವೆಲ್‌ಗೆ 2ಡಿ10, ಎರಡನೆಯದಕ್ಕೆ 3ಡಿ10, ಮೂರನೆಯದಕ್ಕೆ 5ಡಿ10. ಗುಂಪಿನ ಮೇಲಾದರೆ 1ಡಿ6, 2ಡಿ6, 4ಡಿ6, 6ಡಿ6. ಈ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಡಿಎಂ ಪರದೆಯ ಒಳಬದಿಗೆ ಅಂಟಿಸಿಕೊಳ್ಳಿ. 2ಡಿ10 ಅಂದರೆ ಸರಾಸರಿ 11. ನಾನು ಓಗರ್ ದಿನ ಅದೇ ಮೊದಲ ಲೆವೆಲ್‌ನ ಸ್ಲಾಟ್‌ಗೆ (ಒಂದು ಸಲ ಮಂತ್ರ ಹಾಕೋಕೆ ಖರ್ಚಾಗುವ ಶಕ್ತಿ) 59 ಕೊಟ್ಟಿದ್ದೆ. ಐದನೇ ಲೆವೆಲ್‌ನ ಮಂತ್ರಕ್ಕೂ ಆ ಕೋಷ್ಟಕ ಕೊಡುವುದು 8ಡಿ10, ಸರಾಸರಿ 44 ಮಾತ್ರ. ಫೈಟರ್ ಗೆಳೆಯನಿಗೆ ಆದ ಅನ್ಯಾಯ ಎಷ್ಟು ದೊಡ್ಡದು ಅಂತ ಲೆಕ್ಕ ಹಾಕಿದಾಗಲೇ ನನಗೆ ಗೊತ್ತಾಗಿದ್ದು.

ಡ್ಯಾಮೇಜ್ ಇಲ್ಲದ ಫಲಗಳಿಗೆ ಕೋಷ್ಟಕ ಇಲ್ಲ. ಅಲ್ಲಿ ಇರುವ ಮಂತ್ರಗಳ ಜೊತೆ ಹೋಲಿಸಿ ನೋಡಬೇಕು. ಕ್ಯಾಂಟ್ರಿಪ್‌ಗಳು ಏನು ಕೊಡುತ್ತವೆ? ರೇ ಆಫ್ ಫ್ರಾಸ್ಟ್ ವೇಗದಲ್ಲಿ 10 ಅಡಿ ಕಡಿಮೆ ಮಾಡುತ್ತೆ. ಶಾಕಿಂಗ್ ಗ್ರಾಸ್ಪ್ ರಿಯಾಕ್ಷನ್ (ಬೇರೆಯವರ ಟರ್ನ್‌ನಲ್ಲೂ ಮಾಡಬಹುದಾದ ಪ್ರತಿಕ್ರಿಯೆ) ಕಸಿಯುತ್ತೆ. ವಿಷಸ್ ಮಾಕರಿ ಮುಂದಿನ ದಾಳಿಗೆ ಡಿಸ್‌ಅಡ್ವಾಂಟೇಜ್ (ಎರಡು ಡೈಸ್ ಉರುಳಿಸಿ ಕಡಿಮೆಯದನ್ನು ತಗೊಳ್ಳುವುದು) ಕೊಡುತ್ತೆ. ಮೊದಲ ಲೆವೆಲ್‌ನಲ್ಲಿ ಗ್ರೀಸ್ ಜಾರಿ ಬೀಳಿಸುತ್ತೆ, ಎಂಟ್ಯಾಂಗಲ್ ಕಟ್ಟಿಹಾಕುತ್ತೆ. ಕಣ್ಣು ಕಾಣದಂತೆ ಮಾಡೋಕೆ ಬ್ಲೈಂಡ್‌ನೆಸ್ ಬೇಕು, ಅದು ಎರಡನೇ ಲೆವೆಲ್. ಮನುಷ್ಯನನ್ನು ಕಲ್ಲಿನಂತೆ ನಿಲ್ಲಿಸುವ ಹೋಲ್ಡ್ ಪರ್ಸನ್ ಕೂಡ ಎರಡನೆಯದು.

ಈಗ ಹೆಲ್ಮೆಟ್ ಮೇಲೆ ಲೈಟ್ ಹಾಕಿದವನ ವಿಷಯಕ್ಕೆ ಬನ್ನಿ. ಅವನಿಗೆ ಬೇಕಿರುವುದು ಶತ್ರು ಕುರುಡಾಗುವುದು. ಅದು ಎರಡನೇ ಲೆವೆಲ್‌ನ ಸಾಮಾನು, ಅವನು ಕೊಡುತ್ತಿರುವುದು ಕ್ಯಾಂಟ್ರಿಪ್. ಹಾಗಾಗಿ ಕುರುಡು ಸಿಗಲ್ಲ. ಕಣ್ಣು ಕುಕ್ಕಿ ಮುಂದಿನ ಒಂದು ದಾಳಿಗೆ ಡಿಸ್‌ಅಡ್ವಾಂಟೇಜ್, ಅಷ್ಟು ಕೊಡುತ್ತೇನೆ. ಅವನು ಹೇಳಿದ ಚಿತ್ರ ಹಾಗೇ ಉಳಿಯಿತು, ಕ್ಯಾಂಟ್ರಿಪ್‌ನ ಬೆಲೆಯೂ ಉಳಿಯಿತು.

ವಿಜ್ಞಾನ ಎಷ್ಟು ಬೇಕು?

ನಮ್ಮ ಟೇಬಲ್‌ಗಳಲ್ಲಿ ಎಂಜಿನಿಯರ್‌ಗಳು ಜಾಸ್ತಿ. ಒತ್ತಡ, ಶಾಖ, ವಿದ್ಯುತ್ತು ಎಲ್ಲ ಮೇಜಿನ ಮೇಲೆ ಬರುತ್ತೆ. ನನಗೆ ಅದು ಇಷ್ಟವೇ. ದೃಶ್ಯ ಕಣ್ಣಿಗೆ ಕಟ್ಟೋಕೆ ವಿಜ್ಞಾನ ಬೇಕು. ಡ್ಯಾಮೇಜ್ ಲೆಕ್ಕ ಹಾಕೋಕೆ ಮಾತ್ರ ಅದನ್ನು ತರಬಾರದು.

ಉದಾಹರಣೆಗೆ ಆ 10 ಗ್ಯಾಲನ್ ನೀರು. ಅದು ಸುಮಾರು 38 ಲೀಟರ್. ಬೆಂಗಳೂರಿನ ಮನೆಗಳಿಗೆ ಬರುವ 20 ಲೀಟರ್ ಕ್ಯಾನ್ ನೋಡಿದ್ದೀರಲ್ಲ, ಅಂಥ ಎರಡು ಕ್ಯಾನ್‌ಗಿಂತ ಸ್ವಲ್ಪ ಕಡಿಮೆ. "ಮಳೆ ಸುರಿಸಿ ಇಡೀ ಅಂಗಳ ಕೆಸರು ಮಾಡ್ತೀನಿ" ಅಂತ ಒಬ್ಬ ಹೊರಟ. ಕೂತು ಲೆಕ್ಕ ಹಾಕಿದೆವು. 30 ಅಡಿ ಉದ್ದ, 30 ಅಡಿ ಅಗಲದ ಜಾಗ ಅಂದರೆ 900 ಚದರಡಿ, ಹತ್ತಿರ ಹತ್ತಿರ 84 ಚದರ ಮೀಟರ್. ಅಷ್ಟರ ಮೇಲೆ 38 ಲೀಟರ್ ಹರಡಿದರೆ ಅರ್ಧ ಮಿಲಿಮೀಟರ್ ಕೂಡ ನಿಲ್ಲಲ್ಲ. ಅಂಗಳಕ್ಕೆ ನೀರು ಚಿಮುಕಿಸಿದ ಹಾಗೆ. ಕೆಸರು ಆಗಲ್ಲ, ಧೂಳು ಅಡಗುತ್ತೆ. ಅದೇ ಎರಡು ಕ್ಯಾನ್ ನೀರನ್ನು ಮೆಟ್ಟಿಲ ಮೇಲಿರುವ ಒಂದು ತೊಟ್ಟಿಯಲ್ಲಿ ಬರಿಸಿ, ತೊಟ್ಟಿ ಉರುಳಿಸಿದರೆ? ಕಲ್ಲಿನ ಮೆಟ್ಟಿಲು ಜಾರುತ್ತೆ. ಅಲ್ಲಿಗೆ ವಿಜ್ಞಾನದ ಕೆಲಸ ಮುಗಿಯಿತು. ಜಾರಿ ಬಿದ್ದವರಿಗೆ ಏನಾಗುತ್ತೆ ಅನ್ನುವುದನ್ನು ಗ್ರೀಸ್ ಮಂತ್ರ ನೋಡಿ ಹೇಳುತ್ತೇನೆ: ಡೆಕ್ಸ್ಟೆರಿಟಿ ಸೇವ್, ಸೋತರೆ ನೆಲಕ್ಕೆ.

ಮೊಣಕಾಲುದ್ದ ನೀರಲ್ಲಿ ಶಾಕಿಂಗ್ ಗ್ರಾಸ್ಪ್ ಹಾಕಿದರೆ ನೀರಲ್ಲಿರುವ ಎಲ್ಲರಿಗೂ ಶಾಕ್ ಹೊಡೆಯುತ್ತಾ? ನಿಯಮದಲ್ಲಿ ಅಂಥದ್ದೇನೂ ಇಲ್ಲ, ನಾನೂ ಕೊಡಲ್ಲ. ಲೋಹದ ಕವಚ ತೊಟ್ಟವನ ಮೇಲೆ ಹಾಕಿದರೆ ಅಡ್ವಾಂಟೇಜ್ (ಎರಡು ಡೈಸ್‌ನಲ್ಲಿ ಹೆಚ್ಚಿನದನ್ನು ತಗೊಳ್ಳುವುದು) ಅಂತ ಆ ಮಂತ್ರದಲ್ಲೇ ಇದೆ. ವಿದ್ಯುತ್ತಿಗೆ ಸಿಗಬೇಕಾದ ಪಾಲು ಅಲ್ಲೇ ಸಿಕ್ಕಿದೆ.

ಆದರೆ ಮಂತ್ರವೇ ಒಂದು ಭೌತಿಕ ಸಂಖ್ಯೆ ಕೊಟ್ಟಿದ್ದರೆ ಅದನ್ನು ಧಾರಾಳವಾಗಿ ಬಳಸಲು ಬಿಡಿ. ನಾನು ಕಂಡ ಅತ್ಯಂತ ಚಂದದ ಉಪಾಯ ಇಂಥದ್ದೇ. ಎನ್ಲಾರ್ಜ್ ಮಂತ್ರ ಸಾಮಾನ್ಯವಾಗಿ ಗೆಳೆಯರ ಮೇಲೆ ಹಾಕುವಂಥದ್ದು. ದೇಹ ಎರಡು ಪಟ್ಟು ಆಗುತ್ತೆ, ಆಯುಧದ ಏಟಿಗೆ 1ಡಿ4 ಸೇರುತ್ತೆ. ನಮ್ಮ ವಿಝರ್ಡ್ (ಮಾಂತ್ರಿಕ) ಅದನ್ನು ಶತ್ರುವಿನ ಮೇಲೆ ಹಾಕಿದ. ಕಂದಕದ ಮೇಲೆ ಹಳೇ ಹಲಗೆ ಹಾಸಿದ ಹಗ್ಗದ ಸೇತುವೆ, ನಡುವೆ ಒಬ್ಬ ಕಾವಲುಗಾರ. ವಿಝರ್ಡ್ ಪುಸ್ತಕ ಮುಂದೆ ತಳ್ಳಿ ಒಂದು ಸಾಲು ತೋರಿಸಿದ: ತೂಕ ಎಂಟು ಪಟ್ಟು ಆಗುತ್ತೆ. 70 ಕೆ.ಜಿ. ಇದ್ದವನು 560 ಕೆ.ಜಿ.! ಟೇಬಲ್ ಒಂದು ಕ್ಷಣ ಸುಮ್ಮನಾಯಿತು.

ತೀರ್ಪು ಸುಲಭ ಇತ್ತು. ಒಪ್ಪದವನ ಮೇಲೆ ಹಾಕಿದ್ದರಿಂದ ಕಾವಲುಗಾರನಿಗೆ ಕಾನ್‌ಸ್ಟಿಟ್ಯೂಶನ್ ಸೇವ್. ಸೋತ. ಹಲಗೆ ಮುರಿಯಿತು. ಕಂದಕ 30 ಅಡಿ, ಬಿದ್ದರೆ 10 ಅಡಿಗೆ 1ಡಿ6ರ ಲೆಕ್ಕದಲ್ಲಿ 3ಡಿ6. ತೂಕ ಜಾಸ್ತಿ ಅಂತ ಬೀಳುವ ಏಟು ಜಾಸ್ತಿ ಮಾಡಲಿಲ್ಲ. ಬೀಳುವ ನಿಯಮದಲ್ಲಿ ತೂಕದ ಮಾತಿಲ್ಲ. ಇದು ಎರಡನೇ ಲೆವೆಲ್‌ನ ಸ್ಲಾಟ್‌ಗೆ ದುಬಾರಿಯೂ ಅಲ್ಲ, ಅಗ್ಗವೂ ಅಲ್ಲ. ಇನ್ನೊಂದು ವಿಷಯ ಗಮನಿಸಿ. ಆ ಸೇತುವೆ ಇದ್ದದ್ದು ಒಂದೇ. ಪ್ರತಿ ಕಾಳಗದಲ್ಲೂ ಹಳೇ ಸೇತುವೆ ಸಿಗಲ್ಲ. ಜಾಗವನ್ನು ನೋಡಿ ಹುಟ್ಟಿದ ಉಪಾಯಕ್ಕೆ ಕೈ ಬಿಚ್ಚಿ ಕೊಡಿ, ಅದನ್ನು ಮತ್ತೆ ಮತ್ತೆ ಮಾಡೋಕೆ ಆಗಲ್ಲ. ಎಲ್ಲಿ ಬೇಕಾದರೂ ನಡೆಯುವ ಉಪಾಯಕ್ಕೆ ಕೈ ಬಿಗಿ ಹಿಡಿಯಿರಿ.

ಜಾಗದಿಂದಲೇ ಆಗುವ ಏಟಿಗೂ ಡಿಎಂ ಪುಸ್ತಕದಲ್ಲಿ ಅಳತೆ ಇದೆ. ಕೆಂಡ ತುಳಿದರೆ 1ಡಿ10, ಬೆಂಕಿ ಗುಂಡಿಗೆ ಬಿದ್ದರೆ 2ಡಿ10, ಕುಸಿಯುವ ಸುರಂಗದ ಕಲ್ಲು ಮೈಮೇಲೆ ಬಿದ್ದರೆ 4ಡಿ10. ಗಸ್ಟ್ ಆಫ್ ವಿಂಡ್‌ನಿಂದ ಒಬ್ಬನನ್ನು ಬೆಂಕಿ ಗುಂಡಿಗೆ ತಳ್ಳಿದರೆ ಏಟು ಗುಂಡಿಯದು, ಗಾಳಿಯದಲ್ಲ.

ಡೈಸ್ ಎಷ್ಟು ಸಲ?

ಹೊಸ ಡಿಎಂಗಳು ಇಲ್ಲಿ ಎಡವುತ್ತಾರೆ. ಇಲ್ಲ ಅನ್ನೋಕೆ ಮನಸ್ಸಾಗದೆ "ಸರಿ, ಮೊದ್ಲು ಅರ್ಕಾನಾ ಚೆಕ್ ಹಾಕು, ಆಮೇಲೆ ದಾಳಿ, ಆಮೇಲೆ ಅವನು ಸೇವ್ ಹಾಕ್ತಾನೆ" ಅನ್ನುತ್ತಾರೆ (ಅರ್ಕಾನಾ ಚೆಕ್ ಅಂದರೆ ಪಾತ್ರದ ಮಂತ್ರಜ್ಞಾನ ಪರೀಕ್ಷಿಸೋಕೆ ಉರುಳಿಸುವ ಡೈಸ್). ಒಂದೊಂದರಲ್ಲೂ ಗೆಲ್ಲುವ ಅವಕಾಶ 60 ಶೇಕಡಾ ಇದ್ದರೂ ಮೂರನ್ನೂ ಗೆಲ್ಲುವುದು 22 ಶೇಕಡಾ ಮಾತ್ರ. ಬಾಯಲ್ಲಿ ಹೌದು, ಡೈಸ್‌ನಲ್ಲಿ ಇಲ್ಲ. ಆಟಗಾರರಿಗೆ ಇದು ಬೇಗ ಗೊತ್ತಾಗುತ್ತೆ, ಆಮೇಲೆ ಅವರು ಹೊಸದು ಯೋಚಿಸುವುದನ್ನೇ ಬಿಡುತ್ತಾರೆ.

ನನ್ನ ನಿಯಮ: ಮಂತ್ರದಲ್ಲಿ ಆಗಲೇ ಒಂದು ಡೈಸ್ ಇದ್ದರೆ ಇನ್ನೊಂದು ಸೇರಿಸಲ್ಲ. ಡೈಸ್ ಇಲ್ಲದ ಮಂತ್ರ ಒಪ್ಪದ ಜೀವಿಗೆ ತೊಂದರೆ ಕೊಡುವಂತಾದರೆ ಒಂದು ಸೇವ್ ಕೊಡುತ್ತೇನೆ. ಕೈಚಳಕದ ಕೆಲಸವಾದರೆ ಒಂದು ಚೆಕ್: ಸಾಧಾರಣಕ್ಕೆ 15, ಕಷ್ಟಕ್ಕೆ 20.

ಒಂದು ಕಾಳಗ ಪೂರ್ತಿ ಹೇಳುತ್ತೇನೆ. ನೆಲಮಾಳಿಗೆ. ಗೋಡೆಯಲ್ಲಿ ಪಂಜುಗಳು, ಬೇರೆ ಬೆಳಕಿಲ್ಲ. ಎದುರಿಗೆ ಮೈತುಂಬ ಉಕ್ಕಿನ ಕವಚ ತೊಟ್ಟ ನೈಟ್. ಆರ್ಮರ್ ಕ್ಲಾಸ್ (ಏಟು ತಾಗೋಕೆ ಮುಟ್ಟಬೇಕಾದ ಸಂಖ್ಯೆ) 18, ವೇಗ 30 ಅಡಿ. ನಮ್ಮ ಕಡೆ ಡ್ವಾರ್ಫ್ ಕ್ಲೆರಿಕ್, ಎಲ್ಫ್ ವಿಝರ್ಡ್, ಮನುಷ್ಯ ಫೈಟರ್. ಕ್ಲೆರಿಕ್ ಮತ್ತು ವಿಝರ್ಡ್ ಪಿಸುಗುಟ್ಟಿಕೊಂಡರು.

"ನಾನು ಮಳೆ ಸುರಿಸ್ತೀನಿ. ಕವಚದ ಸಂದಿಗೆಲ್ಲ ನೀರು ಹೋಗುತ್ತೆ. ಇವನು ರೇ ಆಫ್ ಫ್ರಾಸ್ಟ್ ಹೊಡೀತಾನೆ. ಕೀಲುಗಳು ಹೆಪ್ಪುಗಟ್ಟಿ ನೈಟ್ ಅಲ್ಲಾಡಬಾರದು."

"ಏನಾಗಬೇಕು?"

"ಅವನು ಬಾಗಿಲ ಹತ್ರ ಹೋಗಿ ಗಂಟೆ ಬಾರಿಸಬಾರದು."

ಬಯಕೆ ಸಣ್ಣದು. ಮಂತ್ರ ಓದಿದೆವು. ರೇ ಆಫ್ ಫ್ರಾಸ್ಟ್ ತಾಗಿದರೆ 1ಡಿ8 ಡ್ಯಾಮೇಜ್, ವಿಝರ್ಡ್‌ನ ಮುಂದಿನ ಟರ್ನ್ ಶುರುವಾಗುವವರೆಗೆ ವೇಗ 10 ಅಡಿ ಕಡಿಮೆ. ಇಬ್ಬರ ಟರ್ನ್, ಜೊತೆಗೆ ಒಂದು ಸ್ಲಾಟ್ ಖರ್ಚು. ಅಷ್ಟಕ್ಕೆ ಒಂದು ರೌಂಡ್ ವೇಗ ಸೊನ್ನೆ ಅಂದರೆ ನ್ಯಾಯವೇ. ನೈಟ್‌ಗೆ ಸ್ಟ್ರೆಂತ್ ಸೇವ್ ಕೊಡೋಣ ಅಂತ ಬಾಯಿಗೆ ಬಂದಿತ್ತು. ತಡೆದು ಲೆಕ್ಕ ಹಾಕಿದೆ. ವಿಝರ್ಡ್‌ಗೆ ದಾಳಿಗೆ 5 ಸೇರುತ್ತೆ, ಹಾಗಾಗಿ ತಾಗಿಸೋಕೆ ಡೈಸ್‌ನಲ್ಲಿ 13 ಅಥವಾ ಹೆಚ್ಚು ಬೀಳಬೇಕು, ಅಂದರೆ 40 ಶೇಕಡಾ. ಅದರ ಮೇಲೆ ಸೇವ್ ಕೊಟ್ಟರೆ 18 ಶೇಕಡಾಕ್ಕೆ ಇಳಿಯುತ್ತೆ. ಬೇಡ. ತಾಗಿದರೆ ಸಾಕು, ವೇಗ ಸೊನ್ನೆ. ಕತ್ತಿ ಬೀಸೋಕೆ ಅಡ್ಡಿಯಿಲ್ಲ. ರೌಂಡ್ ಮುಗಿದ ಮೇಲೆ ಮಂಜುಗಡ್ಡೆ ಒಡೆದು ಉದುರುತ್ತೆ, ಮತ್ತೆ ಮಾಡಬೇಕಾದರೆ ಮತ್ತೆ ಮಳೆ ಬೇಕು.

ಆಮೇಲೆ ಮಂತ್ರದ ಇನ್ನೊಂದು ಸಾಲು ನೆನಪಿಸಿದೆ. "ಮಳೆ ಬಿದ್ದ ಜಾಗದಲ್ಲಿ ತೆರೆದ ಬೆಂಕಿ ಎಲ್ಲ ಆರುತ್ತೆ. ಪಂಜುಗಳು ಹೋಗ್ತವೆ. ಪೂರ್ತಿ ಕತ್ತಲೆ. ಒಪ್ಪಿಗೆನಾ?"

ಫೈಟರ್ ಆಡುವವನು "ಅಯ್ಯೋ, ನನಗೆ ಕಾಣಲ್ಲ" ಅಂದ. ವಿಝರ್ಡ್ ಮೆಲ್ಲಗೆ ಅಂದ, "ನೈಟ್‌ಗೂ ಕಾಣಲ್ಲ. ನನಗೆ ಕಾಣುತ್ತೆ." ಎಲ್ಫ್‌ಗೆ ಕತ್ತಲಲ್ಲಿ 60 ಅಡಿ ಕಣ್ಣು ಕಾಣುತ್ತೆ. ತನ್ನನ್ನು ನೋಡಲಾಗದವನ ಮೇಲೆ ದಾಳಿಗೆ ಅಡ್ವಾಂಟೇಜ್. 40 ಶೇಕಡಾ ಇದ್ದದ್ದು 64 ಆಯಿತು. ಫೈಟರ್ ಮತ್ತು ನೈಟ್ ಇಬ್ಬರಿಗೂ ಕಾಣದ್ದರಿಂದ ಅವರಿಬ್ಬರ ನಡುವೆ ಅಡ್ವಾಂಟೇಜ್, ಡಿಸ್‌ಅಡ್ವಾಂಟೇಜ್ ಒಂದಕ್ಕೊಂದು ವಜಾ. ಕ್ಲೆರಿಕ್ ಕೈ ಎತ್ತಿದಳು, ಪಂಜುಗಳು ಚುಂಯ್ ಅಂತ ಆರಿದವು, ವಿಝರ್ಡ್ ಎರಡು ಡೈಸ್ ಉರುಳಿಸಿದ. ಒಂದು 4, ಇನ್ನೊಂದು 16. ಗಂಟೆ ಬಾರಿಸಲೇ ಇಲ್ಲ.

ಆ ಕತ್ತಲೆಯನ್ನು ನಾನು ಕೊಡಲಿಲ್ಲ, ಅವರೂ ಕೇಳಿರಲಿಲ್ಲ. ಅದು ಮಂತ್ರದ ಸಾಲಲ್ಲೇ ಕೂತಿತ್ತು.

ತಿರುಗಿಸಿ ನೋಡಿ

ಇನ್ನೆರಡು ಪ್ರಶ್ನೆ ಮನಸ್ಸಲ್ಲೇ ಕೇಳಿಕೊಳ್ಳಿ, ಎರಡು ಸೆಕೆಂಡ್ ಸಾಕು. ಇದನ್ನೇ ಪ್ರತಿ ರೌಂಡ್‌ನಲ್ಲಿ ಮಾಡಿದರೆ ಆಟ ಹೇಗಿರುತ್ತೆ? ಇದನ್ನೇ ನಾಳೆ ಗಾಬ್ಲಿನ್ ಮಾಂತ್ರಿಕನೊಬ್ಬ ನಮ್ಮ ಪಾತ್ರಗಳ ಮೇಲೆ ಮಾಡಿದರೆ ಟೇಬಲ್ ಒಪ್ಪುತ್ತಾ? ಶ್ವಾಸಕೋಶದ ನೀರು ಎರಡರಲ್ಲೂ ಸೋಲುತ್ತೆ. ಸೇತುವೆಯ ಉಪಾಯ ಎರಡರಲ್ಲೂ ಗೆಲ್ಲುತ್ತೆ. ಎರಡನೇ ಪ್ರಶ್ನೆಯನ್ನು ನಾನು ಕೆಲವೊಮ್ಮೆ ಗಟ್ಟಿಯಾಗಿಯೇ ಕೇಳುತ್ತೇನೆ, ಬೆದರಿಸುವ ದನಿಯಲ್ಲಿ ಅಲ್ಲ. ಆಟಗಾರರೇ ಯೋಚಿಸಿ, "ಬೇಡ ಬಿಡಿ, ಅದು ಜಾಸ್ತಿ ಆಯ್ತು" ಅಂದ ಉದಾಹರಣೆಗಳಿವೆ.

ಮೊದಲೇ ಹೇಳಿ, ಆಮೇಲೆ ಬರೆದಿಡಿ

ಡೈಸ್ ಉರುಳುವ ಮುಂಚೆ ತೀರ್ಪು ಪೂರ್ತಿ ಹೇಳಿ. ಏನು ಉರುಳಿಸಬೇಕು, ಗೆದ್ದರೆ ಏನು, ಸೋತರೆ ಏನು. ಕೇಳಿಸಿಕೊಂಡ ಮೇಲೆ ಅವರು ಬೇಡ ಅಂದರೆ ಸ್ಲಾಟ್ ಖರ್ಚಾಗಬಾರದು, ಟರ್ನ್ ಹೋಗಬಾರದು. ಅವರ ಪಾತ್ರ ವರ್ಷಗಟ್ಟಲೆ ಮಂತ್ರ ಕಲಿತವಳು, ತನ್ನ ಮಂತ್ರ ಏನು ಮಾಡುತ್ತೆ ಅಂತ ಅವಳಿಗೆ ಗೊತ್ತಿರುತ್ತೆ. ಟೇಬಲ್‌ನಲ್ಲಿ ಕೂತವರಿಗೆ ಗೊತ್ತಿಲ್ಲದೇ ಇರಬಹುದು, ಅಷ್ಟೇ.

ಇದೆಲ್ಲ ಅರ್ಧ ನಿಮಿಷದಲ್ಲಿ ಆಗಬೇಕು. ಉಳಿದವರು ತಮ್ಮ ಟರ್ನ್‌ಗೆ ಕಾಯುತ್ತಿರುತ್ತಾರೆ. ಒಂದು ನಿಮಿಷ ದಾಟಿದರೆ ನಾನು ಹೇಳುವುದು: "ಇವತ್ತಿಗೆ ಹೀಗೆ ಮಾಡೋಣ, ಆಟ ಮುಗಿದ ಮೇಲೆ ಮಾತಾಡೋಣ." ಅನುಮಾನ ಇದ್ದಾಗ ಇವತ್ತಿನ ತೀರ್ಪು ಆಟಗಾರರ ಕಡೆ ಸ್ವಲ್ಪ ವಾಲಲಿ, ಆದರೆ ಬೆಲೆಯ ಚೀಟಿ ದಾಟಬಾರದು. ಮಾತಾಡೋಣ ಅಂದಮೇಲೆ ಮಾತಾಡಲೇಬೇಕು. ಕಾಫಿ ಕುಡಿಯುತ್ತಾ ಐದು ನಿಮಿಷ ಸಾಕು.

ಒಂದು ನೋಟ್‌ಬುಕ್ ಇಡಿ. ಮಂತ್ರದ ಹೆಸರು, ಕೇಳಿದ್ದೇನು, ಕೊಟ್ಟಿದ್ದೇನು, ಯಾವ ತಾರೀಕು. ಒಂದು ಸಾಲು ಸಾಕು. ಆರು ತಿಂಗಳಾದ ಮೇಲೆ ಅದೇ ಪ್ರಶ್ನೆ ಬೇರೆಯವರು ಕೇಳಿದಾಗ ಅದೇ ಉತ್ತರ ಸಿಗಬೇಕು. ಇಲ್ಲದಿದ್ದರೆ "ಅವಳಿಗೆ ಕೊಟ್ರಿ, ನನಗೆ ಯಾಕಿಲ್ಲ?" ಅನ್ನುವ ಮಾತು ಬರುತ್ತೆ, ಅದು ನ್ಯಾಯವಾದ ಮಾತೇ.

ತೀರ್ಪು ತಪ್ಪಾಗಿತ್ತು ಅಂತ ಆಮೇಲೆ ಗೊತ್ತಾದರೆ ಬದಲಾಯಿಸಿ. ಆದರೆ ಕಾಳಗದ ನಡುವೆ ಬೇಡ. ಮುಂದಿನ ಸೆಷನ್ ಶುರುವಾಗುವ ಮುಂಚೆ ಹೇಳಿ, ಆ ತೀರ್ಪು ನಂಬಿಕೊಂಡು ಮಂತ್ರ ಆರಿಸಿಕೊಂಡವರಿಗೆ ಬೇರೆ ಮಂತ್ರ ತಗೊಳ್ಳೋಕೆ ಬಿಡಿ. ಶ್ವಾಸಕೋಶದ ತೀರ್ಪನ್ನು ನಾನು ಹಾಗೇ ವಾಪಸ್ ತಗೊಂಡೆ. ಕ್ಲೆರಿಕ್ ಗೆಳತಿ ಕೇಳಿಸಿಕೊಂಡಳು, ಪುಸ್ತಕ ತೆಗೆದು ಆ ಮಂತ್ರವನ್ನು ಇನ್ನೊಮ್ಮೆ ಓದಿದಳು. "ತೆರೆದ ಪಾತ್ರೆ ಅಂದ್ರಲ್ಲ," ಅಂದಳು, "ಓಗರ್ ಬಾಯಿ ತೆರೆದು ಮಲಗಿದ್ರೆ?"

ಆ ಸಾಲನ್ನೂ ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದೇನೆ. ಉತ್ತರ: ಬಾಯಿ ಪಾತ್ರೆ ಅಲ್ಲ, ಆದರೆ ಅವನ ತಲೆಯ ಮೇಲಿನ ಕಪಾಟಿನಲ್ಲಿ ಒಂದು ಬಕೆಟ್ ಇದೆ.